ಮಂಡಿಯಲ್ಲಿ ಮಂಗಳಾಳ ಕುರ್ಚಿ

ಬಿಳಿಗೆರೆಯ ತಿಪ್ಪಯ್ಯನವರು ವರ್ಷಕ್ಕೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಅಟ್ಟದಲ್ಲಿ ಒಣಗಿದ ತೆಂಗಿನಕಾಯಿ ಇಳಿಸಿ, ಚಿಪ್ಪು ಒಡೆಸಿ, ಕೊಬ್ಬರಿಯನ್ನು ಮಂಡಿಗೆ ಹಾಕಿದ ಮಾರನೆಯ ದಿನವೇ ಬರುವುದು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದರೊಳಗೆ ಆರಿಸಿ ತೆಗೆದ ಉಂಡೆ ಕೊಬ್ಬರಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಚೀಲವನ್ನು ದೇವರ ಮನೆಯ ಹೊಸ್ತಿಲ ಹತ್ತಿರ ಇಟ್ಟು, ಕಾಫಿ ಕುಡಿದು, "ನಿಮ್ಮಿಂದ ನಮ್ ಮಗ ಒಂದು ದಾರಿಗೆ ಬಂತು ಕಣ್ ಸಾರ್" ಎಂದು ಹೇಳಿ ಎದ್ದು ಹೋಗುತ್ತಾರೆ. ಮಗ ಎಂದರೆ ಮಗಳು ಮಂಗಳಾ. ಅಕ್ಕರೆ ಬಂದಾಗ ಅವರು ಹಾಗೆಯೇ ಅನ್ನುವುದು. ಅವರು ಬೀದಿಯ ತಿರುವು ದಾಟುವ ತನಕ ನಾನು ಗೇಟಿನಲ್ಲಿ ನಿಂತಿರುತ್ತೇನೆ. ಆಮೇಲೆ ಒಳಗೆ ಬಂದು ಹೆಂಡತಿ ಸುನಂದಾಳಿಗೆ, ಇದನ್ನು ಯಾರಿಗಾದರೂ ಕೊಟ್ಟುಬಿಡು ಅನ್ನುತ್ತೇನೆ. ತಿಪಟೂರಿನಲ್ಲಿ ಕೊಬ್ಬರಿಯನ್ನು ಯಾರಿಗೆ ಕೊಡುವುದು, ಕೊಟ್ಟರೆ ನಗುತ್ತಾರೆ ಎಂದು ಅವಳು ಗೊಣಗುತ್ತಾಳೆ. ಕಾರಣ ಕೇಳಿದಾಗಲೆಲ್ಲ ಡಾಕ್ಟರು ಬೇಡ ಅಂದಿದ್ದಾರೆ ಎಂದು ಸುಳ್ಳು ಹೇಳುತ್ತೇನೆ.

ಡಾಕ್ಟರು ಏನೂ ಅಂದಿಲ್ಲ. ಆ ಮನೆಯ ಕೊಬ್ಬರಿ ತಿನ್ನುವ ಮುಖ ನನಗಿಲ್ಲ, ಅಷ್ಟೇ.

ಊರ ಹೊರಗಿನ ಬೈಪಾಸ್ ಪಕ್ಕದಲ್ಲಿ ಒಂದು ಎಂಬಿಎ ಕಾಲೇಜಿದೆ. ಅಲ್ಲಿ ನಾನು ಪ್ಲೇಸ್‌ಮೆಂಟ್ ಆಫೀಸರ್. ಬಾಗಿಲ ಮೇಲೆ ಹಿತ್ತಾಳೆಯ ಬೋರ್ಡಿದೆ, ಸೂರ್ಯಪ್ರಕಾಶ್ ಎಂದು ಇಂಗ್ಲಿಷಿನಲ್ಲಿ ಕೊರೆಸಿದ್ದಾರೆ. ಓದು ಮುಗಿಸುವ ಮಕ್ಕಳಿಗೆ ಕಂಪನಿಗಳನ್ನು ಕರೆತರುವುದು, ಕಂಪನಿಯವರ ಮುಂದೆ ಹೇಗೆ ಕೂರಬೇಕು, ಏನು ಹೇಳಬೇಕು ಎಂದು ಕಲಿಸುವುದು ನನ್ನ ಕೆಲಸ. ಕೇಳುವುದಕ್ಕೆ ಚೆನ್ನಾಗಿದೆ. ಬೆಂಗಳೂರಿನಿಂದ ಒಂದು ಕಂಪನಿ ಇಲ್ಲಿಯವರೆಗೆ ಬರಬೇಕಾದರೆ ನಾನು ಎಷ್ಟು ಜನರ ಕಾಲು ಹಿಡಿಯಬೇಕು ಎನ್ನುವುದು ಆ ಹಿತ್ತಾಳೆಯ ಬೋರ್ಡಿಗೆ ಗೊತ್ತಿಲ್ಲ. ಬಂದವರೂ ಬಹಳ ಸಲ ಬೈಕಿನಲ್ಲಿ ಸುತ್ತಿ ಇನ್ಶೂರೆನ್ಸ್ ಮಾರುವ ಕೆಲಸ ಕೊಟ್ಟು ಹೋಗುತ್ತಾರೆ. ಎರಡು ವರ್ಷ ಓದಿ, ಟೈ ಕಟ್ಟುವುದನ್ನು ಕಲಿತ ಮಕ್ಕಳು ಮೂರು ತಿಂಗಳಿಗೆ ವಾಪಸು ತೋಟಕ್ಕೆ ಬಂದು ನೀರು ತಿರುಗಿಸುತ್ತಾರೆ.

ಆದರೆ ಕಾಲೇಜಿನ ಪುಸ್ತಿಕೆಯಲ್ಲಿ ಪ್ರತಿ ವರ್ಷ ನೂರಕ್ಕೆ ನೂರು ಎಂದು ಅಚ್ಚಾಗಬೇಕು. ಪ್ರಿನ್ಸಿಪಾಲರ ಹಟ ಅದು. ನೂರಾಗದೆ ಹೋದರೆ ಮುಂದಿನ ವರ್ಷ ಸೀಟು ತುಂಬುವುದಿಲ್ಲ, ಸೀಟು ತುಂಬದಿದ್ದರೆ ನನ್ನ ಕುರ್ಚಿಯೂ ಇರುವುದಿಲ್ಲ. ಅದಕ್ಕೆ ನಾನೇ ಕಂಡುಹಿಡಿದ ಉಪಾಯವೊಂದಿತ್ತು. ನನ್ನ ಜೊತೆ ಹೈಸ್ಕೂಲು ಓದಿದ ಬೆಟ್ಟಸ್ವಾಮಿ ಎಪಿಎಂಸಿ ಯಾರ್ಡಿನಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದಾನೆ. ಕೆಲಸ ಸಿಗದೆ ಉಳಿದ ನಾಲ್ಕೈದು ಮಕ್ಕಳಿಗೆ ಅವನ ಲೆಟರ್‌ಹೆಡ್ಡಿನಲ್ಲಿ ನಾನೇ ಪತ್ರ ಟೈಪು ಮಾಡಿಸುತ್ತಿದ್ದೆ. ಮ್ಯಾನೇಜ್‌ಮೆಂಟ್ ಟ್ರೈನಿ ಹುದ್ದೆಗೆ ಆಯ್ಕೆಯಾಗಿದ್ದೀರಿ, ಜೂನ್ ಒಂದನೇ ತಾರೀಕು ಹಾಜರಾಗುವುದು. ಬೆಟ್ಟಸ್ವಾಮಿ ಓದದೆ ಸಹಿ ಹಾಕುತ್ತಿದ್ದ. ಮಕ್ಕಳಿಗೆ ಕೊಡುವಾಗ, ಇದು ಫೈಲಿಗೆ ಕಣ್ರಪ್ಪಾ ಅನ್ನುತ್ತಿದ್ದೆ. ಅವರು ನಕ್ಕು ಈಸಿಕೊಳ್ಳುತ್ತಿದ್ದರು. ಯಾರಿಗೂ ನಷ್ಟವಿಲ್ಲದ ಸುಳ್ಳು ಎಂದು ನಾನು ನಂಬಿದ್ದೆ.

ಮಂಗಳಾ ಮೂರು ವರ್ಷದ ಹಿಂದಿನ ಬ್ಯಾಚು. ತಿಪ್ಪಯ್ಯ ಮತ್ತು ಕೊಲ್ಲಾಪುರಮ್ಮನವರ ಒಬ್ಬಳೇ ಮಗಳು. ಎಂಬತ್ತು ಮರದ ತೋಟ, ಎರಡು ಹಸು, ಒಂದಿಷ್ಟು ರಾಗಿ ಹೊಲ. ತೆಳ್ಳಗೆ, ಎತ್ತರಕ್ಕೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗಿ. ನಾಳೆ ಒಂಬತ್ತಕ್ಕೆ ಬಾ ಎಂದರೆ ಎಂಟೂಮುಕ್ಕಾಲಿಗೆ ಸ್ಟೀಲಿನ ಡಬ್ಬಿ ಹಿಡಿದು ನನ್ನ ಬಾಗಿಲಲ್ಲಿರುತ್ತಿದ್ದಳು. ಮೊದಲ ತರಗತಿಯಲ್ಲಿ ಎದ್ದು ನಿಂತು "ಮೈಸೆಲ್ಫ್ ಮಂಗಳಾ" ಎಂದಾಗ, ಹಾಗನ್ನಬಾರದು ಎಂದು ಎಲ್ಲರೆದುರು ನಾನು ಗದರಿದ್ದೆ. ಆಮೇಲೆ ಅವಳು ಮನೆಯ ಅಟ್ಟದಲ್ಲಿ ಕಾಯಿ ಜೋಡಿಸುತ್ತಾ ಜೋಡಿಸುತ್ತಾ ಒಂದು ತಿಂಗಳು ತನ್ನ ಪರಿಚಯ ತಾನೇ ಹೇಳಿಕೊಂಡಳಂತೆ. ಕೆಳಗೆ ಒಲೆಯ ಮುಂದಿದ್ದ ಕೊಲ್ಲಾಪುರಮ್ಮನವರಿಗೂ ಅಷ್ಟು ಇಂಗ್ಲಿಷು ಬಾಯಿಪಾಠವಾಯಿತಂತೆ. ಅವಳೇ ಒಂದು ದಿನ ನಗುತ್ತಾ ಹೇಳಿದ್ದು.

ಆ ವರ್ಷ ತುಮಕೂರಿನ ಕಡೆಯ ಒಂದು ತಿಂಡಿ ತಯಾರಿಸುವ ಕಂಪನಿಯನ್ನು ಏಳು ತಿಂಗಳು ಬೆನ್ನುಹತ್ತಿ ಕರೆತಂದಿದ್ದೆ. ಒಳ್ಳೆಯ ಸಂಬಳ, ತಕ್ಕ ಹುದ್ದೆ. ಇನ್ನೈದು ವರ್ಷಕ್ಕೆ ನೀವು ಎಲ್ಲಿರುತ್ತೀರಿ ಎಂದು ಕೇಳುತ್ತಾರೆ, ನಿಮ್ಮ ಕಂಪನಿಯಲ್ಲೇ ಮ್ಯಾನೇಜರ್ ಆಗಿರುತ್ತೇನೆ ಎನ್ನಬೇಕು ಎಂದು ಎಲ್ಲರಿಗೂ ಗಿಳಿಪಾಠ ಮಾಡಿಸಿದ್ದೆ. ಮಂಗಳಾ ಏನಂದಳು ಗೊತ್ತೇ? ಈಗ ನೆಟ್ಟ ತೆಂಗಿನ ಸಸಿ ಐದು ವರ್ಷಕ್ಕೆ ಹೊಂಬಾಳೆಯನ್ನೇ ಒಡೆಯುವುದಿಲ್ಲ ಸಾರ್, ನಾನು ಏನಾಗುತ್ತೇನೆ ಅಂತ ಹೇಗೆ ಹೇಳಲಿ, ಕೊಟ್ಟ ಕೆಲಸ ಮಾತ್ರ ಮಾಡಿರುತ್ತೇನೆ. ಸಂದರ್ಶನಕ್ಕೆ ಕೂತಿದ್ದ ಮೂವರೂ ನಕ್ಕರು. ಮೂಲೆಯಲ್ಲಿದ್ದ ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದ ಮೇಲೆ ಚೆನ್ನಾಗಿ ಬೈದೆ. ಇವಳ ಕಥೆ ಮುಗಿಯಿತು ಎಂದು ತೀರ್ಮಾನಿಸಿ, ಕಂಪನಿಯಿಂದ ಉತ್ತರ ಬರುವುದಕ್ಕೂ ಕಾಯದೆ, ಅವಳ ಹೆಸರನ್ನು ಬೆಟ್ಟಸ್ವಾಮಿಯ ಪಟ್ಟಿಗೆ ಸೇರಿಸಿದೆ.

ಪತ್ರ ಕೊಡುವ ದಿನ ಅವಳ ಜೊತೆ ತಿಪ್ಪಯ್ಯನವರೂ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು. ಮಗಳು ಓದಿ ಹೇಳಿದ್ದನ್ನು ಕೇಳಿ, "ನಮ್ ಮಂಡಿನಾ ಸಾರ್?" ಎಂದರು.

ಆ ಮಾತಿನ ತೂಕ ಈ ಸೀಮೆಯವರಿಗೇ ಗೊತ್ತು. ಇಲ್ಲಿ ಒಂದೊಂದು ಮನೆಗೆ ಒಂದೊಂದು ಮಂಡಿ. ಅಜ್ಜ ಯಾರ ಮಂಡಿಗೆ ಕೊಬ್ಬರಿ ಇಳಿಸಿದನೋ ಮೊಮ್ಮಗನೂ ಅಲ್ಲಿಗೇ ಇಳಿಸುತ್ತಾನೆ. ಪಕ್ಕದ ಮಂಡಿಯವನು ಕೈಹಿಡಿದು ಎಳೆದರೂ ಮೆಟ್ಟಿಲು ಹತ್ತುವುದಿಲ್ಲ. ಮದುವೆಯ ಮೊದಲ ಲಗ್ನಪತ್ರಿಕೆ ದೇವರಿಗಾದರೆ ಎರಡನೆಯದು ಮಂಡಿಗೆ. ತಿಪ್ಪಯ್ಯನವರ ಮನೆ ಮೂರು ತಲೆಮಾರಿನಿಂದ ಬೆಟ್ಟಸ್ವಾಮಿಯ ಮಂಡಿಗೆ ನಡೆದುಕೊಂಡಿದೆ ಎನ್ನುವುದು ನನಗೆ ಆ ಗಳಿಗೆಯ ತನಕ ಗೊತ್ತಿರಲಿಲ್ಲ. ಅವರು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಇದು ಫೈಲಿಗೆ ಕಣಪ್ಪ ಎಂದು ನಾನು ಹೇಳಲಿಲ್ಲ. ನಾಳೆ ಮಂಗಳಾಳೊಬ್ಬಳನ್ನೇ ಕರೆದು ಹೇಳಿದರಾಯಿತು ಎಂದುಕೊಂಡೆ. ನಾಳೆ ಬೇರೆ ಕೆಲಸ ಬಂತು. ನಾಡಿದ್ದೂ ಬಂತು. ಹೇಳಲು ಮನಸ್ಸಿಲ್ಲದವನಿಗೆ ಕೆಲಸಕ್ಕೇನು ಬರ.

ಹತ್ತು ದಿನದ ಮೇಲೆ ಕಾಲೇಜಿಗೆ ಪರಿಶೀಲನಾ ಸಮಿತಿ ಬಂತು. ಪಕ್ಕದ ಕೋಣೆಯಲ್ಲಿ ನನ್ನ ಫೈಲುಗಳನ್ನು ಹರಡಿಕೊಂಡು ಮೂರು ಜನ ಪ್ರೊಫೆಸರುಗಳು ಕೂತಿದ್ದಾರೆ, ಪ್ರಿನ್ಸಿಪಾಲರು ಎಳನೀರು ಹಿಡಿದು ಓಡಾಡುತ್ತಿದ್ದಾರೆ, ಆಗ ತುಮಕೂರಿನಿಂದ ಫೋನು ಬಂತು. ಸಸಿಯ ಉತ್ತರ ಹೇಳಿದ ಹುಡುಗಿ ಇದ್ದಾಳಾ ಎಂದು ಕೇಳಿದರು. ಉಳಿದವರೆಲ್ಲ ಒಂದೇ ಪಾಠ ಒಪ್ಪಿಸಿದರು, ಅವಳೊಬ್ಬಳು ನಿಜ ಹೇಳಿದಳು, ನಮಗೆ ಕೊಬ್ಬರಿ ಕೊಳ್ಳುವ ವಿಭಾಗಕ್ಕೆ ರೈತರ ಜೊತೆ ಮಾತಾಡುವವರು ಬೇಕು, ಇವತ್ತೇ ಹೆಸರು ಕೊಡಿ ಎಂದರು.

ಮಂಗಳಾಳನ್ನು ಕರೆಸಿ ವಿಷಯ ಹೇಳಿದೆ. ಅವಳ ಮುಖ ಅರಳಿತು. ಮರುಗಳಿಗೆಯೇ, "ಹಂಗಾದ್ರೆ ಮಂಡಿದು ಏನ್ ಮಾಡೋದು ಸಾರ್?" ಎಂದಳು.

ಒಂದೇ ಒಂದು ವಾಕ್ಯ ಸಾಕಿತ್ತು. ಆ ಪತ್ರ ಸುಳ್ಳು ಕಣಮ್ಮ, ಹೋಗು. ಆದರೆ ಗೋಡೆಯಾಚೆ ಆ ಪತ್ರದ ನಕಲು ಸಮಿತಿಯವರ ಕೈಯಲ್ಲಿತ್ತು. ಹುಡುಗಿ ಖುಷಿಯಿಂದ ಹೊರಗೆ ಹೋಗಿ ನಾಲ್ಕು ಜನರ ಮುಂದೆ, ಮಂಡಿಯದು ಸುಳ್ಳಂತೆ ಎಂದುಬಿಟ್ಟರೆ? ನಾನು ಮೇಜಿನ ಮೇಲಿನ ಪೆನ್ನು ತಿರುಗಿಸುತ್ತಾ, "ನಿನ್ನಿಷ್ಟ ಕಣಮ್ಮ, ಯೋಚನೆ ಮಾಡಿ ಹೇಳು" ಎಂದೆ. ಎಷ್ಟು ದೊಡ್ಡ ಮನುಷ್ಯನ ಮಾತು ನೋಡಿ. ಕದ್ದು ತಿನ್ನುವವನು ಬೇರೆಯವರಿಗೆ ಬಡಿಸುವಾಗ ಆಡುವ ಮಾತು.

ಅವಳು ಕಾರಿಡಾರಿನಲ್ಲಿ ನಿಂತು ತಂದೆಗೆ ಫೋನು ಮಾಡಿದಳು. ಗಾಜಿನ ಬಾಗಿಲಿನಿಂದ ನನಗೆ ಅವಳ ಬೆನ್ನು ಕಾಣುತ್ತಿತ್ತು. ತಿರುಗಿ ಬಂದಾಗ ಮುಖದ ಮೇಲಿನ ಬೆಳಕು ಇಳಿದಿತ್ತು, ಆದರೆ ದನಿ ಗಟ್ಟಿಯಾಗಿತ್ತು.

"ಬೆಟ್ಟಸ್ವಾಮಣ್ಣ ಬರವಣಿಗೆ ಕೊಟ್ಟವ್ರೆ, ನಾವು ಈಸ್ಕೊಂಡಿದೀವಿ. ಈಗ ಬ್ಯಾಡ ಅಂದ್ರೆ ನಾಳೆ ಯಾವ ಮುಖ ಹೊತ್ಕೊಂಡು ಕೊಬ್ರಿ ಇಳಿಸ್ಲಿ ಅಂತಾರೆ ಅಪ್ಪ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ನಂಗೂ ಹಂಗೇ ಅನ್ನಿಸ್ತದೆ ಸಾರ್. ತುಮಕೂರಿಗೆ ಬೇರೆ ಯಾರನ್ನಾದ್ರೂ ಕಳ್ಸಿ."

ನಾನು ತಿಲಕ್ ಎಂಬ ಹುಡುಗನ ಹೆಸರು ಕೊಟ್ಟೆ. ಸಮಿತಿಯವರು ಹೋಗುವಾಗ ಕೈಕುಲುಕಿ, ಸ್ಥಳೀಯ ವ್ಯಾಪಾರದ ಜೊತೆ ನಿಮ್ಮ ಕಾಲೇಜಿನ ಸಂಬಂಧ ಮಾದರಿಯಾಗಿದೆ ಎಂದು ನನ್ನನ್ನೇ ಹೊಗಳಿದರು. ಪ್ರಿನ್ಸಿಪಾಲರು ಮೈಸೂರು ಪಾಕು ಹಂಚಿದರು. ನಾನು ಎರಡು ತಿಂದೆ.

ಜೂನ್ ಒಂದನೇ ತಾರೀಕು ಬೆಳಿಗ್ಗೆ ಬೆಟ್ಟಸ್ವಾಮಿಯ ಫೋನು ಬಂತು.

"ಲೇ ಸೂರ್ಯ, ಒಂದ್ ಹುಡ್ಗಿ ಡಬ್ಬಿ ಹಿಡ್ಕೊಂಡು ಬಂದು ಮೂಟೆ ಮೇಲೆ ಕೂತವ್ಳೆ ಕಣ್ಲಾ. ನಮ್ ತಿಪ್ಪಯ್ಯನ ಮಗಳು. ಕೆಲ್ಸಕ್ಕೆ ಬಂದಿವ್ನಿ ಅಂತಾಳೆ, ನನ್ ಸಹಿ ನನಗೇ ತೋರಿಸ್ತಾಳೆ. ಏನ್ ಹೇಳ್ಲಿ?"

ಎರಡು ದಿನ ಕೂರಿಸಿಕೋ, ಆಮೇಲೆ ನಾನೇ ಬಂದು ತಿಳಿಸಿ ಹೇಳುತ್ತೇನೆ ಎಂದೆ. ಅವನು ನಾಲ್ಕು ಬೈಗುಳ ಬೈದು ಫೋನಿಟ್ಟ. ಆದರೆ ಮೂರು ತಲೆಮಾರು ನಂಬಿ ಬಂದವರ ಮಗಳನ್ನು ಮೆಟ್ಟಿಲಿಳಿಸುವ ಎದೆ ಅವನಿಗೂ ಇರಲಿಲ್ಲ. ಸಂಜೆಗೆ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ ಹಾಕಿದ. ನನ್ನ ಎರಡು ದಿನ ಮೂರು ವರ್ಷವಾಯಿತು.

ಅಲ್ಲಿ ಅವಳು ಏನು ಮಾಡುತ್ತಿದ್ದಳು ಎಂಬುದನ್ನು ನಾನು ಅವರಿವರ ಬಾಯಿಂದ ಕೇಳಿದ್ದು. ಮೊದಲ ಆರು ತಿಂಗಳು ಅವಳಿಗೆ ಕೊಡಲು ಕೆಲಸವೇ ಇರಲಿಲ್ಲವಂತೆ. ಹಮಾಲರು ಅವಳ ಮುಂದೆ ಬಾಯಿ ಬಿಗಿಹಿಡಿಯಬೇಕಾಗಿ ಬಂದು ಗೊಣಗಿದರಂತೆ. ಆಮೇಲೆ ವ್ಯಾಪಾರಿಗಳು ರೇಟು ಕಟ್ಟುವ ಟೆಂಡರಿನ ದಿನ ಯಾರ ರಾಶಿಗೆ ಯಾವ ರೇಟು ಬಿತ್ತು ಎಂದು ರೈತರಿಗೆ ಫೋನು ಮಾಡಿ ಹೇಳುವುದನ್ನು ಶುರು ಮಾಡಿದಳು. ಹಂದನಕೆರೆ ಕಡೆಯ ಹೆಂಗಸರು, ಗಂಡಂದಿರು ಮನೆಗೆ ಬಂದು ಹೇಳುವ ರೇಟು ನಿಜವೋ ಸುಳ್ಳೋ ಎಂದು ಅವಳಿಗೇ ಫೋನು ಮಾಡಿ ಕೇಳತೊಡಗಿದರಂತೆ. ಇದನ್ನು ಹೇಳುವಾಗ ಬೆಟ್ಟಸ್ವಾಮಿ ಹೊಟ್ಟೆ ಹಿಡಿದು ನಕ್ಕಿದ್ದ. ಸಂಬಳ ಮಾತ್ರ ದಾಕ್ಷಿಣ್ಯಕ್ಕೆ ಕೊಡುವ ಸಂಬಳ, ಓದಿಗೆ ತಕ್ಕದ್ದಲ್ಲ. ಅತ್ತ ತಿಲಕ್ ಎರಡು ಬಡ್ತಿ ಪಡೆದು ಕಾರಿನಲ್ಲಿ ಯಾರ್ಡಿಗೆ ಕೊಬ್ಬರಿ ಕೊಳ್ಳಲು ಬರುತ್ತಿದ್ದ. ಅವನು ಕಾರಿಳಿದಾಗ ಮೂಟೆಯ ಕೊಬ್ಬರಿ ತೆಗೆದು ತೋರಿಸುವವಳು ಮಂಗಳಾ.

ಈ ಮೂರು ವರ್ಷ ನಾನು ಎಪಿಎಂಸಿ ರಸ್ತೆಯಲ್ಲಿ ಓಡಾಡಲಿಲ್ಲ. ಕಾಲೇಜಿಗೆ ಹತ್ತಿರದ ದಾರಿ ಅದೇ. ಸುತ್ತಿ ಬಳಸಿ ಹೋಗುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನನ್ನು ಯಾರೂ ಕಳ್ಳ ಅಂದೇ ಇರಲಿಲ್ಲ, ಆದರೂ ನಾನು ದಿನಾ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಇಷ್ಟೆಲ್ಲ ಆದರೂ ಪತ್ರ ಟೈಪು ಮಾಡಿಸುವುದನ್ನು ಬಿಡಲಿಲ್ಲ. ಮುಂದಿನ ಎರಡು ಬ್ಯಾಚಿಗೆ ಅರಳಗುಪ್ಪೆಯ ಒಬ್ಬ ಗೊಬ್ಬರದಂಗಡಿಯವನ ಲೆಟರ್‌ಹೆಡ್ಡು ಬಳಸಿದೆ. ಇದನ್ನೂ ಹೇಳದಿದ್ದರೆ ನಾನು ಹೇಳುತ್ತಿರುವ ಉಳಿದದ್ದಕ್ಕೆ ಬೆಲೆಯಿಲ್ಲ.

ಈ ವರ್ಷ ಗೊಬ್ಬರದಂಗಡಿ ಮುಚ್ಚಿತು. ಉಳಿದ ಮಕ್ಕಳು ಹನ್ನೊಂದು. ನಾಚಿಕೆ ಬಿಟ್ಟು ಬೆಟ್ಟಸ್ವಾಮಿಗೆ ಫೋನು ಮಾಡಿದೆ.

"ಲೆಟ್ರೆಡ್ಡು, ಸೀಲು ಎಲ್ಲಾ ಮಂಗಳನ್ ಹತ್ರ ಐತೆ ಕಣ್ಲಾ. ನಾನು ಅವೆಲ್ಲ ಬುಟ್ಟು ಎರಡ್ ವರ್ಷ ಆಯ್ತು. ಹೋಗಿ ಅವಳನ್ನೇ ಕೇಳು" ಎಂದ. ಅವನ ದನಿಯಲ್ಲಿ ಒಂದು ಸಣ್ಣ ಖುಷಿಯಿತ್ತು ಎಂದು ನನಗೆ ಅನುಮಾನ.

ಟೆಂಡರಿಲ್ಲದ ದಿನ ನೋಡಿ, ಹನ್ನೊಂದು ಹೆಸರಿನ ಪಟ್ಟಿ ಹಿಡಿದು ಹೋದೆ. ಮಧ್ಯಾಹ್ನದ ಹೊತ್ತು, ಯಾರ್ಡು ಖಾಲಿ. ಮಂಗಳಾ ಎದ್ದು ನಿಂತು ಕೈಮುಗಿದಳು. ಅಲ್ಲಿದ್ದದ್ದು ಒಂದೇ ಕುರ್ಚಿ. ಅದನ್ನು ಟವೆಲ್ಲಿನಿಂದ ಒರೆಸಿ ನನ್ನ ಕಡೆ ತಳ್ಳಿದಳು. ಬೇಡ ಎಂದರೂ ಕೇಳಲಿಲ್ಲ, ಕೂತೆ. ಅವಳು ಮೂಟೆಗೆ ಒರಗಿ ನಿಂತಳು. ಬರುವಾಗ ದಾರಿಯಲ್ಲಿ ಸುಳ್ಳೊಂದನ್ನು ಹೊಂದಿಸಿಕೊಂಡಿದ್ದೆ. ಅವಳ ಮುಂದೆ ಅದು ಬಾಯಿಗೆ ಬರಲಿಲ್ಲ. ಪಟ್ಟಿಯನ್ನೂ ಪತ್ರದ ಮಾದರಿಯನ್ನೂ ಸುಮ್ಮನೆ ಅವಳ ಕೈಗಿಟ್ಟೆ.

ಅವಳು ನಿಧಾನವಾಗಿ ಓದಿದಳು. ಮ್ಯಾನೇಜ್‌ಮೆಂಟ್ ಟ್ರೈನಿ. ಜೂನ್ ಒಂದನೇ ತಾರೀಕು. ವರ್ಷ ಒಂದನ್ನು ಬಿಟ್ಟರೆ ಒಂದಕ್ಷರ ಬದಲಾಗಿರಲಿಲ್ಲ.

"ಇವ್ರೆಲ್ಲ ಇಲ್ಲಿಗೆ ಕೆಲ್ಸಕ್ಕೆ ಬತ್ತಾರಾ ಸಾರ್?"

"ಇಲ್ಲಮ್ಮ. ಫೈಲಿಗೆ."

ಅವಳು ಮತ್ತೆ ಕಾಗದ ನೋಡಿದಳು.

"ನಂದೂ ಫೈಲಿಗೇನಾ?"

ಹೌದು ಎಂದೆ. ತುಮಕೂರಿನಿಂದ ಫೋನು ಬಂದ ದಿನ ನಿಮಗೆ ಅದು ಗೊತ್ತಿತ್ತಲ್ಲವಾ ಎಂದು ಕೇಳಿದಳು. ಅದಕ್ಕೂ ಹೌದು ಎಂದೆ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ಅತ್ತಿದ್ದರೆ ಕಾಲಿಗೆ ಬೀಳುತ್ತಿದ್ದೆ. ಅಷ್ಟರಲ್ಲಿ ಒಬ್ಬರು ಮುದುಕರು ಮುಂದಿನ ಟೆಂಡರ್ ಯಾವತ್ತು ಎಂದು ಕೇಳಿಕೊಂಡು ಬಂದರು. ಅವಳು ಅವರನ್ನು ನೆರಳಿಗೆ ಕರೆದು, ದಿನ ಹೇಳಿ, ಕೊಬ್ಬರಿ ಇನ್ನೊಂದು ವಾರ ಒಣಗಲಿ ತಾತ, ಅವಸರ ಮಾಡಬೇಡಿ ಎಂದು ತಿಳಿಸಿ, ನೀರು ಕೊಟ್ಟು ಕಳಿಸಿದಳು. ಅಷ್ಟು ಹೊತ್ತೂ ನಾನು ಅವಳ ಕುರ್ಚಿಯಲ್ಲಿ ಕೂತಿದ್ದೆ.

ತಿರುಗಿ ಬಂದವಳ ಕಣ್ಣು ಕೆಂಪಗಿತ್ತು. ಪಟ್ಟಿಯನ್ನು ಮಡಚಿ ನನ್ನ ಕೈಗೇ ವಾಪಸು ಕೊಟ್ಟಳು.

"ಇದ್ರಲ್ಲಿ ನನ್ನಂಥವ್ರು ಒಬ್ರಾದ್ರೂ ಇರ್ತಾರೆ ಸಾರ್. ಒಂದನೇ ತಾರೀಕು ಡಬ್ಬಿ ಹಿಡ್ಕೊಂಡು ಬತ್ತಾರೆ. ನಾನು ಏನಂತ ಹೇಳಿ ಕಳಿಸ್ಲಿ? ಇರೋದು ಒಂದೇ ಕುರ್ಚಿ."

ನನ್ನ ಕಣ್ಣಲ್ಲಿ ನೀರು ಬಂತು. ತಪ್ಪಾಯಿತಮ್ಮ ಎಂದೆ. ತುಮಕೂರಿನವರಿಗೆ ಈಗಲೂ ಮಾತಾಡುತ್ತೇನೆ, ತಿಲಕ್‌ಗೂ ಹೇಳುತ್ತೇನೆ, ಬಿಳಿಗೆರೆಗೆ ಬಂದು ನಿಮ್ಮ ತಂದೆಯ ಮುಂದೆ ಎಲ್ಲವನ್ನೂ ಒಪ್ಪಿಕೊಳ್ಳುತ್ತೇನೆ ಎಂದೆ. ಹೇಳುತ್ತಿದ್ದಂತೆ ನನಗೆ ಎದೆ ಹಗುರವಾಗುತ್ತಾ ಬಂತು. ಅದನ್ನು ಅವಳು ಗಮನಿಸಿದಳೋ ಏನೋ.

"ಅಪ್ಪಂಗೆ ಹೇಳ್ಬೇಡಿ" ಎಂದಳು. "ಮಂಡಿಯವ್ರು ಬರವಣಿಗೆ ಕೊಟ್ಟು ಮಗಳನ್ನ ಕರ್ಕೊಂಡ್ರು ಅಂತ ಊರೆಲ್ಲಾ ಹೇಳ್ಕೊಂಡು ತಿರುಗ್ತಾರೆ. ಆ ಕಾಗ್ದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹಾಕವ್ರೆ. ತುಮಕೂರು ಬ್ಯಾಡ ಅನ್ನು ಅಂತ ನಂಗೆ ಹೇಳಿದ್ದು ತಾನೇ ಅಂತ ಅವ್ರಿಗೆ ಗೊತ್ತು. ಅದು ಸುಳ್ಳು ಕಾಗ್ದಕ್ಕೆ ಅಂತ ಗೊತ್ತಾದ್ರೆ ಅವ್ರು ತಡ್ಕೊಳ್ಳಲ್ಲ. ನೀವು ಹೇಳಿ ಹಗುರಾಗ್ತೀರ, ಅವ್ರು ಹೊತ್ಕೊಂಡು ಸಾಯ್ತಾರೆ. ಈ ಕೆಲ್ಸ ಬಿಡ್ಬೇಕಾ ಬ್ಯಾಡ್ವಾ ಅಂತ ನಾನೇ ನೋಡ್ಕೋತೀನಿ. ನೀವು ಈಗ ಹೋಗಿ ಸಾರ್, ಈ ಹನ್ನೊಂದು ಜನಕ್ಕೆ ಹೇಳಿ."

ಹೋಗಿ ಹೇಳಿದೆ. ಹನ್ನೊಂದು ಮಕ್ಕಳನ್ನೂ ಕೂರಿಸಿಕೊಂಡು, ನಿಮಗೆ ನಾನು ಇನ್ನೂ ಕೆಲಸ ಕೊಡಿಸಲಾಗಿಲ್ಲ ಎಂದೆ. ಫೈಲಿನಲ್ಲೂ ಹಾಗೆಯೇ ಬರೆದೆ. ಪ್ರಿನ್ಸಿಪಾಲರು ಕೂಗಾಡಿದರು. ಮುಂದಿನ ವರ್ಷ ನನ್ನ ಹಿತ್ತಾಳೆಯ ಬೋರ್ಡು ಆ ಬಾಗಿಲ ಮೇಲಿರುತ್ತದೋ ಇಲ್ಲವೋ ಗೊತ್ತಿಲ್ಲ. ದಿನಾ ಬೆಳಿಗ್ಗೆ ಆ ಮಕ್ಕಳ ಪರವಾಗಿ ಕಂಡಕಂಡವರಿಗೆಲ್ಲ ಫೋನು ಮಾಡುತ್ತೇನೆ. ಮೂವರಿಗೆ ಆಗಿದೆ, ಎಂಟು ಜನ ಉಳಿದಿದ್ದಾರೆ. ಮಂಗಳಾ ಇನ್ನೂ ಮಂಡಿಯಲ್ಲೇ ಇದ್ದಾಳೆ. ಈಗ ನಾನು ಎಪಿಎಂಸಿ ರಸ್ತೆಯಲ್ಲೇ ಓಡಾಡುತ್ತೇನೆ. ಕಂಡರೆ ಕೈಮುಗಿಯುತ್ತಾಳೆ. ಮೊದಲಿನ ಹಾಗೆ ನಗುವುದಿಲ್ಲ.

ಹೋದ ಭಾನುವಾರ ತಿಪ್ಪಯ್ಯನವರು ಬಂದರು. ಅದೇ ಚೀಲ, ಈ ಸಲ ಇನ್ನೂ ದಪ್ಪನೆಯ ಕೊಬ್ಬರಿ. ಹೊಸ್ತಿಲ ಹತ್ತಿರ ಇಟ್ಟು, ಕಾಫಿ ಕುಡಿದು, ಯಾಕೋ ಸ್ವಲ್ಪ ಹೆಚ್ಚು ಹೊತ್ತು ಕೂತರು.

"ನಿಮ್ಗೆ ಕೊಡೋದು ಅಂದ್ರೆ ಮಗ ಯಾವತ್ತೂ ತಾನೇ ಅಟ್ಟ ಹತ್ತಿ ಆರಿಸಿ ಇಡೋದು ಸಾರ್. ಈ ವರ್ಷ ಯಾಕೋ, ನೀನೇ ಆರಿಸಪ್ಪ ಅಂತು. ನಂಗೆ ಕಣ್ ಮಂಜು, ಒಡೆಸೋಕ್ ಮುಂಚೆ ಒಂದೊಂದ್ ಕಾಯ್ನೂ ಕಿವಿ ಹತ್ರ ಹಿಡಿದು ಅಲ್ಲಾಡಿಸಿ, ಒಳಗಿನ ಕೊಬ್ರಿ ಸದ್ದು ಕೇಳಿ ಆರಿಸಿ ತಂದಿವ್ನಿ. ಒಂದೂ ಕೆಟ್ಟಿರಕ್ಕಿಲ್ಲ. ತಿಂದು ನೋಡಿ ಹೇಳ್ಬೇಕು ನೀವು."

ತಿಂದು ಹೇಳುತ್ತೇನೆ ಎಂದೆ. ಅವರ ಮುಂದೆಯೇ ಒಂದನ್ನು ಒಡೆದು, ಚೂರು ಬಾಯಿಗೆ ಹಾಕಿಕೊಂಡು, ಅವರು ನನ್ನ ಮುಖವನ್ನೇ ನೋಡುತ್ತಿರುವಾಗ, ಪೂರಾ ಅಗಿದು ನುಂಗಿದೆ.